ಬೀಗ ಹಾಕುವ ಮುಂಚೆ ಒಂದು ಸುತ್ತು

ನಾನು ವೈರಿಂಗ್ ಕೆಲಸದವನು. 26 ವರ್ಷದಿಂದ ಬೇರೆಯವರ ಮನೆಯ ಸ್ವಿಚ್‌ಬೋರ್ಡ್ ಬಿಚ್ಚಿ ಜೀವನ ನಡೆಸಿದ್ದೇನೆ. ಫೋನ್ ವರ್ಷವಿಡೀ ಬರುತ್ತದೆ. ಆದರೆ ಗಾಬರಿಯ ಫೋನ್ ಜಾಸ್ತಿ ಬರುವುದು ಚಳಿಗಾಲದ ರಜೆಯಲ್ಲಿ, ಅದೂ ರಾತ್ರಿ ಹತ್ತರ ಮೇಲೆ. "ಏನೂ ಮಾಡಿಲ್ಲ ಅಣ್ಣ, ಇದ್ದಕ್ಕಿದ್ದಂಗೆ ಸುಟ್ಟ ವಾಸನೆ ಬಂತು" ಅನ್ನುತ್ತಾರೆ.

ಇದ್ದಕ್ಕಿದ್ದಂಗೆ ಏನೂ ಸುಡುವುದಿಲ್ಲ. ಹೋಗಿ ನೋಡಿದರೆ ಆ ಪ್ಲಗ್ ಮೂರು ದಿನದಿಂದ ಬಿಸಿಯಾಗುತ್ತಲೇ ಇರುತ್ತದೆ. ಯಾರೂ ಕೈಯಿಟ್ಟು ನೋಡಿರುವುದಿಲ್ಲ, ಅಷ್ಟೇ.

ನನ್ನ ಕಸುಬು ನನಗೆ ಒಂದು ಚಾಳಿ ಅಂಟಿಸಿದೆ. ನೆನಪನ್ನು ನಂಬುವುದಿಲ್ಲ, ಕೈಯನ್ನು ನಂಬುತ್ತೇನೆ. ಮೇನ್ ಆಫ್ ಮಾಡಿದ್ದೇನೆ ಅಂತ ಎಷ್ಟೇ ಖಾತ್ರಿ ಇದ್ದರೂ ಟೆಸ್ಟರ್ ಇಡದೆ ವೈರ್ ಮುಟ್ಟುವುದಿಲ್ಲ. ರಜೆಯ ದಿನಗಳಲ್ಲಿ ಮನೆಗೂ ಇದೇ ಚಾಳಿ ಬೇಕು. ನೆಂಟರು ಬಂದಿರುತ್ತಾರೆ, ಮಕ್ಕಳು ಮನೆಯಲ್ಲೇ ಇರುತ್ತಾರೆ, ಅಟ್ಟದಿಂದ ಹಳೇ ಹೀಟರ್ ಕೆಳಗೆ ಇಳಿದಿರುತ್ತದೆ, ನಸುಕಿನಲ್ಲಿ ಊರಿಗೆ ಹೊರಡುವ ಗಡಿಬಿಡಿ ಬೇರೆ. ನೆನಪು ಕೈಕೊಡುವುದು ಇಂಥ ದಿನಗಳಲ್ಲೇ.

ಹೀಟರಿನಿಂದಲೇ ಶುರು ಮಾಡುತ್ತೇನೆ

ಹೀಟರನ್ನು ಗೋಡೆಯ ಪವರ್ ಸಾಕೆಟ್‌ಗೇ ನೇರವಾಗಿ ಹಾಕಿ. ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಬೇಡ. ಇದನ್ನು ಎಲ್ಲರೂ ಹೇಳುತ್ತಾರೆ, ಕಾರಣ ಹೇಳುವುದಿಲ್ಲ. ಲೆಕ್ಕ ಸುಲಭ. ಹೀಟರ್ ಮೇಲೆ ಬರೆದಿರುವ ವ್ಯಾಟನ್ನು ನಿಮ್ಮ ಮನೆಯ ವೋಲ್ಟಿನಿಂದ ಭಾಗಿಸಿ. 2000 ವ್ಯಾಟಿನ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 120 ವೋಲ್ಟ್ ಇರುವ ಕಡೆ 1500 ವ್ಯಾಟಿನದೇ 12.5 ಆಂಪಿಯರ್ ಎಳೆಯುತ್ತದೆ. ಈಗ ಎಕ್ಸ್‌ಟೆನ್ಷನ್ ಬಾಕ್ಸನ್ನು ತಿರುಗಿಸಿ ಕೆಳಗೆ ಬರೆದಿರುವುದನ್ನು ಓದಿ. ನಾನು ಬಿಚ್ಚಿದ ಸುಟ್ಟ ಬಾಕ್ಸ್‌ಗಳಲ್ಲಿ ಎಷ್ಟೋ 6 ಆಂಪಿಯರಿನವು, ಅಂದರೆ ಅಷ್ಟು ಕರೆಂಟಿಗೆ ಮಾತ್ರ ಮಾಡಿದವು. ಕರೆಂಟ್ ಎರಡರಷ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಜೊತೆಗೆ ಬಾಕ್ಸಿನ ಒಳಗೆ ಒಂದು ಲೂಸ್ ಕನೆಕ್ಷನ್ ಇದ್ದರೆ ಬಿಸಿಯೆಲ್ಲಾ ಆ ಒಂದು ಚುಕ್ಕೆಯಲ್ಲೇ ಕೂರುತ್ತದೆ.

ವೈರನ್ನು ಸುರುಳಿ ಸುತ್ತಿದ ಹಾಗೇ ಬಿಟ್ಟು ಬಳಸಿದರೆ ಇನ್ನೂ ಕೆಟ್ಟದು. ಬಿಸಿ ಹೊರಗೆ ಹೋಗಲು ಜಾಗವಿಲ್ಲ. ಅದರ ಮೇಲೆ ರಗ್ಗು ಹಾಸಿ, ಕಾಲಿಗೆ ತೊಡರಬಾರದು ಅಂತ ಮುಚ್ಚಿಟ್ಟ ಮನೆಗಳನ್ನೂ ನೋಡಿದ್ದೇನೆ. ಕಾಲಿಗೆ ತೊಡರಿದರೆ ಬೀಳುತ್ತೀರಿ. ರಗ್ಗಿನ ಕೆಳಗೆ ಬಿಸಿಯಾದರೆ ನಿದ್ದೆಯಲ್ಲಿ ಇರುತ್ತೀರಿ.

ಕೈಯ ಪರೀಕ್ಷೆ ಹೀಗೆ. ಹೀಟರ್ ಹಚ್ಚಿ ಇಪ್ಪತ್ತು ನಿಮಿಷ ಆದ ಮೇಲೆ, ಒಣಗಿದ ಕೈಯ ಹಿಂಬದಿಯನ್ನು ಪ್ಲಗ್‌ನ ಪ್ಲಾಸ್ಟಿಕ್ ಮೈಗೆ ತಾಗಿಸಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ತಾನಾಗೇ ಹಿಂದಕ್ಕೆ ಬಂದರೆ ಹೀಟರ್ ಆರಿಸಿ, ಆ ಸಾಕೆಟ್ ರಿಪೇರಿ ಆಗುವ ತನಕ ಮುಟ್ಟಬೇಡಿ. ಪ್ಲಗ್ ಕಂದು ತಿರುಗಿದ್ದರೆ, ಕರಗಿದ್ದರೆ, ಚಟಪಟ ಸದ್ದು ಬರುತ್ತಿದ್ದರೆ ಪರೀಕ್ಷೆಯೇ ಬೇಡ. ಮೊದಲು ಮೇನ್ ಇಳಿಸಿ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗೇ ಬಿದ್ದು ಲೈನ್ ಕಡಿಯುವ ಸ್ವಿಚ್, ಪದೇಪದೇ ಬೀಳುತ್ತಿದ್ದರೆ ಅದನ್ನು ಎತ್ತುತ್ತಾ ಕೂರಬೇಡಿ. ದೊಡ್ಡ ಎಂಸಿಬಿ ಹಾಕಿಕೊಡಿ ಅಂತ ಕೇಳುವವರೂ ಇದ್ದಾರೆ. ವೈರ್ ಹಳೆಯದೇ ಇರುವಾಗ ದೊಡ್ಡ ಎಂಸಿಬಿ ಹಾಕುವುದು ಅಂದರೆ ಮನೆ ಕಾಯುವ ನಾಯಿಯ ಬಾಯಿ ಕಟ್ಟಿದ ಹಾಗೆ. ನಾನು ಹಾಕಿಕೊಡುವುದಿಲ್ಲ, ಬೈದರೂ ಸರಿ.

ಹೀಟರಿನ ಸುತ್ತ ಒಂದು ಮೀಟರ್ ಏನೂ ಇರಬಾರದು. ಪರದೆ, ಹಾಸಿಗೆ, ಸೋಫಾ ಯಾವುದೂ. ಒದ್ದೆ ಬಟ್ಟೆಯನ್ನು ಹೀಟರ್ ಮೇಲೆ ಒಣಹಾಕುವುದು ಬೇಡವೇ ಬೇಡ. ಮಲಗುವ ಮುಂಚೆ ಕೋಣೆ ಬೆಚ್ಚಗೆ ಮಾಡಿ, ಆಮೇಲೆ ಆರಿಸಿ, ಪ್ಲಗ್ ಕಿತ್ತು ಮಲಗಿ. ಎಲೆಕ್ಟ್ರಿಕ್ ಹೊದಿಕೆ ಇದ್ದರೆ ಅದನ್ನು ಮಡಚಿ ಇಡಬಾರದು. ಮಡಿಕೆ ಬಿದ್ದ ಕಡೆ ಒಳಗಿನ ತಂತಿ ಮುರಿಯುತ್ತದೆ. ಸಡಿಲವಾಗಿ ಸುತ್ತಿ ಇಡಿ.

ಅಲಂಕಾರದ ದೀಪದ ಸರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್‌ಇಡಿ ಸರ ಕಡಿಮೆ ಕರೆಂಟ್ ಎಳೆಯುತ್ತದೆ, ಅಷ್ಟಾಗಿ ಬಿಸಿಯಾಗುವುದಿಲ್ಲ. ಹೊರಗೆ ಹಾಕುವುದಾದರೆ ಹೊರಗಿನ ಬಳಕೆಗೆ ಅಂತಲೇ ಬರೆದಿರುವುದನ್ನು ತನ್ನಿ. ವೈರನ್ನು ಬಾಗಿಲ ಸಂದಿಯಿಂದ ಎಳೆಯಬೇಡಿ. ದಿನಕ್ಕೆ ನಲವತ್ತು ಸಲ ಬಾಗಿಲು ಅದನ್ನು ಜಜ್ಜುತ್ತದೆ. ಮಲಗುವಾಗ ಆರಿಸಿ.

ಕೈಗೆ ಸಿಗದ್ದು

ಈಗ ನನ್ನ ಮಾನ ಕಳೆದ ಕಥೆ ಹೇಳಬೇಕು. ಕೆಲವು ವರ್ಷದ ಹಿಂದೆ ಅಮ್ಮ, ಹೆಂಡತಿ, ಮಗಳ ಜೊತೆ ಬೆಟ್ಟದ ಮೇಲೆ ಒಂದು ಬಾಡಿಗೆ ಮನೆಯಲ್ಲಿ ರಜೆ ಕಳೆಯಲು ಹೋಗಿದ್ದೆ. ರಾತ್ರಿ ವಿಪರೀತ ಚಳಿ. ಕೋಣೆಯ ಹೀಟರ್ ಹಚ್ಚಿದರೆ ಎಂಸಿಬಿ ಬೀಳುತ್ತಿತ್ತು. ನಾನು ದೊಡ್ಡ ಎಲೆಕ್ಟ್ರಿಷಿಯನ್ ಅಲ್ವಾ, ಎಲ್ಲರ ಮುಂದೆ ಪಾಠ ಹೇಳಿ ಹೀಟರ್ ಬೇಡ ಅಂದೆ. ಅಂಗಳದಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇತ್ತು. ಕೆಂಡ ನಿಗಿನಿಗಿ ಹೊಳೆಯುತ್ತಿತ್ತು, ಹೊಗೆ ಒಂದಿಷ್ಟೂ ಇರಲಿಲ್ಲ. ಅಮ್ಮನಿಗೆ ಬೆಚ್ಚಗಾಗಲಿ ಅಂತ ಅದನ್ನೇ ಒಳಗೆ ತಂದಿಟ್ಟು ಕಿಟಕಿ ಮುಚ್ಚಿದೆ.

ಒಂದು ಗಂಟೆಯಲ್ಲಿ ಅಮ್ಮ ತಲೆನೋವು ಅಂದರು. ಪ್ರಯಾಣದ ಸುಸ್ತು ಅಂದೆ. ಮಗಳಿಗೆ ಹೊಟ್ಟೆ ತೊಳೆಸಿತು. ದಾರಿಯಲ್ಲಿ ತಿಂದದ್ದು ಅಂದೆ. ಅವಳು ವಾಂತಿ ಮಾಡಲು ಹೊರಗೆ ಹೋದವಳು ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಬಂದು "ಅಪ್ಪ, ಹೊರಗೆ ಹೋದ್ರೆ ತಲೆನೋವು ಹೋಗುತ್ತೆ, ಒಳಗೆ ಬಂದ್ರೆ ಬರುತ್ತೆ" ಅಂದಳು. ಆಗ ನನಗೆ ಹೊಳೆಯಿತು. ಏಳಲು ಹೋದರೆ ನನ್ನ ಕಾಲೇ ಜೋಲಿ ಹೊಡೆಯುತ್ತಿತ್ತು.

ಅದು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಚೂರೇ ಚೂರು ಇದ್ದರೂ ಮೈಗೆ ಉಸಿರು ಸಾಲುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಗೊಂದಲ. ಜ್ವರವೊಂದಿಲ್ಲ ಅನ್ನುವುದು ಬಿಟ್ಟರೆ ಫ್ಲೂ ಬಂದ ಹಾಗೇ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ, ಸಾಕಿದ ನಾಯಿ ಬೆಕ್ಕು ಕೂಡ ತೂಕಡಿಸುತ್ತಿದ್ದರೆ, ಹೊರಗೆ ಹೋದಾಗ ಹಗುರವಾದರೆ, ಇದೇ ಅಂತ ತಿಳಿಯಿರಿ. ಎಲ್ಲರನ್ನೂ ತಕ್ಷಣ ಹೊರಗೆ ಕರೆತನ್ನಿ. ಕಾರಣ ಹುಡುಕುತ್ತಾ ಒಳಗೆ ನಿಲ್ಲಬೇಡಿ. ಹೊರಗಿನಿಂದ ತುರ್ತು ಸೇವೆಗೆ ಫೋನ್ ಮಾಡಿ. ಈಗ ಆರಾಮಾಗಿದೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಿ, ಅಲ್ಲಿ ಆಮ್ಲಜನಕ ಕೊಡುತ್ತಾರೆ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಪುಟ್ಟ ಮಕ್ಕಳು ಮನೆಯಲ್ಲಿದ್ದರೆ ಇನ್ನೂ ಬೇಗ.

ಕೈಯನ್ನು ನಂಬುತ್ತೇನೆ ಅಂತ ಮೇಲೆ ಜಂಬ ಕೊಚ್ಚಿಕೊಂಡೆನಲ್ಲ, ಈ ವಿಷ ಕೈಗೂ ಸಿಗುವುದಿಲ್ಲ, ಮೂಗಿಗೂ ಸಿಗುವುದಿಲ್ಲ. ಇದಕ್ಕೆ ಯಂತ್ರವೇ ಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಂತ ಕೇಳಿ ತನ್ನಿ. ಹೊಗೆಯ ಅಲಾರಂ ಬೇರೆ, ಇದು ಬೇರೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ, ಎರಡೂ ಸೇರಿದ್ದು ಸಿಕ್ಕರೆ ಒಳ್ಳೆಯದು. ಮಲಗುವ ಕೋಣೆಗೆ ಕೇಳಿಸುವ ಹಾಗೆ ಇರಲಿ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ಸದ್ದು ಕೇಳಿ. ಒಳಗಿನ ಸೆನ್ಸರ್‌ಗೂ ಆಯಸ್ಸು ಇದೆ, ಹಿಂಬದಿಯಲ್ಲಿ ಬದಲಿಸಬೇಕಾದ ದಿನಾಂಕ ಇರುತ್ತದೆ. ನಮ್ಮದು ಅಂಗೈಯಷ್ಟು ದೊಡ್ಡದು, ಬ್ಯಾಟರಿಯದು. ಮನೆಯಲ್ಲಿದ್ದಾಗ ಗೋಡೆಯಲ್ಲಿ ಇರುತ್ತದೆ, ಊರಿಗೆ ಹೋದಾಗ ಟೂತ್‌ಬ್ರಷ್ ಜೊತೆ ಬ್ಯಾಗಿನಲ್ಲಿ ಬರುತ್ತದೆ.

ಅಲಾರಂ ಇದೆ ಅಂತ ಧೈರ್ಯ ಮಾಡುವಂತಿಲ್ಲ. ಇದ್ದಿಲು ಒಳಗೆ ಬೇಡ, ಕಿಟಕಿ ತೆರೆದಿದ್ದರೂ ಬೇಡ. ಅಡುಗೆ ಒಲೆಯನ್ನು ಕೋಣೆ ಬೆಚ್ಚಗೆ ಮಾಡಲು ಹಚ್ಚಬೇಡಿ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇರಕೂಡದು. ಇದ್ದರೆ ಅದರ ಹೊಗೆ ಕೊಳವೆ ಹೊರಕ್ಕೆ ಹೋಗಿದೆಯಾ ನೋಡಿ. ಜನರೇಟರ್ ಮನೆಯಿಂದ ಆರು ಮೀಟರಿಗೂ ಆಚೆ ಇರಲಿ, ಅದರ ಹೊಗೆ ಬಾಗಿಲು ಕಿಟಕಿಯ ಕಡೆ ತಿರುಗಿರಬಾರದು. ಗ್ಯಾರೇಜಿನ ಬಾಗಿಲು ತೆರೆದಿದೆ ಅಂತ ಕಾರನ್ನು ಒಳಗೇ ಸ್ಟಾರ್ಟ್ ಮಾಡಿ ಬಿಸಿ ಮಾಡುವುದೂ ಬೇಡ.

ಅಡುಗೆಮನೆ, ಮೇಣದ ಬತ್ತಿ, ಮಕ್ಕಳು

ಮನೆ ತುಂಬ ಜನ ಇರುವಾಗ ಒಲೆ ಹಚ್ಚಿ ಮಾತಿಗೆ ಕೂರುವುದು ಸಹಜ. ಕರಿಯುವಾಗ ಮಾತ್ರ ಒಲೆ ಬಿಟ್ಟು ಕದಲಬಾರದು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಅಲ್ಲಿ ಕ್ಷಣದಲ್ಲಿ ಹಬೆಯಾಗಿ 1,600 ಪಟ್ಟಿಗಿಂತ ಜಾಸ್ತಿ ಹಿಗ್ಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಸೂರಿನವರೆಗೆ ಹೋದ ಮಸಿಯನ್ನು ನಾನು ಒರೆಸಿದ್ದೇನೆ. ಒಲೆ ಆರಿಸಿ, ಬದಿಯಿಂದ ಜಾರಿಸಿ ಲೋಹದ ಮುಚ್ಚಳ ಮುಚ್ಚಿ. ಪೂರ್ತಿ ತಣ್ಣಗಾಗುವ ತನಕ ತೆಗೆದು ನೋಡಬೇಡಿ. ಉರಿಯುವ ಬಾಣಲೆ ಎತ್ತಿಕೊಂಡು ಹೊರಗೆ ಓಡುವುದಂತೂ ಬೇಡವೇ ಬೇಡ. ಮುಚ್ಚಳ ಕರಿಯಲು ಶುರು ಮಾಡುವ ಮುಂಚೆಯೇ ಒಲೆಯ ಪಕ್ಕದಲ್ಲಿ ಇರಬೇಕು. ಬೆಂಕಿ ಹತ್ತಿದ ಮೇಲೆ ಹುಡುಕಿದರೆ ಅದು ಯಾವತ್ತೂ ಸಿಗುವುದಿಲ್ಲ.

ಮೇಣದ ಬತ್ತಿಯ ಸುತ್ತ ಒಂದಡಿ ಖಾಲಿ ಇರಲಿ. ಕೋಣೆಯಿಂದ ಕೊನೆಯಲ್ಲಿ ಹೊರಡುವವರು ಊದಿ ಆರಿಸಲಿ.

ನೆಂಟರ ಬ್ಯಾಗಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅಜ್ಜ ಅಜ್ಜಿ ಬಂದರೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಬ್ಯಾಗಿನಲ್ಲಿ ಬರುತ್ತದೆ. ಬ್ಯಾಗ್ ನೆಲದ ಮೇಲೆ ಇರುತ್ತದೆ, ಅಂಬೆಗಾಲಿಡುವ ಮಗುವೂ ನೆಲದ ಮೇಲೇ ಇರುತ್ತದೆ. ಬಂದ ಕೂಡಲೇ ಎಲ್ಲರ ಮಾತ್ರೆಯನ್ನೂ ಎತ್ತರದ ಕಪಾಟಿಗೆ ಹಾಕಿ. ಇನ್ನೊಂದು, ಬಟನ್ ಬ್ಯಾಟರಿ, ನಾಣ್ಯದ ಹಾಗೆ ಗುಂಡಗೆ ಚಪ್ಪಟೆಯಾಗಿರುವ ಪುಟ್ಟ ಬ್ಯಾಟರಿ. ಉಡುಗೊರೆ ಬಂದ ಆಟಿಕೆ, ರಿಮೋಟ್, ಮಿನುಗುವ ಬತ್ತಿ ಎಲ್ಲದರಲ್ಲೂ ಇದೆ. ಮಗು ನುಂಗಿ ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ಬ್ಯಾಟರಿ ಕೋಣೆಗೆ ಸ್ಕ್ರೂ ಇಲ್ಲದ ಆಟಿಕೆಯನ್ನು ನಾನು ಟೇಪ್ ಸುತ್ತಿ ಕೊಡುತ್ತೇನೆ. ಅಂದ ಕೆಡುತ್ತದೆ ಅಂತ ಮಗಳ ದೂರು.

ಹೊರಡುವ ದಿನದ ಸುತ್ತು

ಜಪಾನಿನ ರೈಲು ಚಾಲಕರು ಸಿಗ್ನಲ್ ಕಡೆ ಬೆರಳು ಮಾಡಿ ಬಾಯಿಬಿಟ್ಟು ಹೇಳುತ್ತಾರೆ. ಕಣ್ಣು, ಕೈ, ಬಾಯಿ ಮೂರೂ ಒಟ್ಟಿಗೆ ಕೆಲಸ ಮಾಡಿದರೆ ತಪ್ಪು ಕಡಿಮೆ ಅಂತ. ನಾನೂ ಮನೆ ಬಿಡುವಾಗ ಹಾಗೇ ಮಾಡುತ್ತೇನೆ. ಗ್ಯಾಸ್ ವಾಲ್ವ್ ಮುಟ್ಟಿ "ಗ್ಯಾಸ್ ಬಂದ್" ಅಂತ ಜೋರಾಗಿ ಹೇಳುತ್ತೇನೆ. ಹೆಂಡತಿ ಮೊದಮೊದಲು ನಗುತ್ತಿದ್ದಳು. ಈಗ ಅರ್ಧ ದಾರಿಯಲ್ಲಿ "ಗೀಸರ್ ಆರಿಸಿದ್ರಾ?" ಅಂತ ಕೇಳುವುದು ನಿಂತಿದೆ, ಯಾಕೆಂದರೆ ಹೇಳಿದ್ದು ಅವಳ ಕಿವಿಗೂ ಬಿದ್ದಿರುತ್ತದೆ.

ನನ್ನ ಸುತ್ತು ಅಡುಗೆಮನೆಯಿಂದ ಶುರು. ಗ್ಯಾಸ್. ಆಮೇಲೆ ಗೀಸರ್ ಸ್ವಿಚ್. ಆಮೇಲೆ ನೀರಿನ ಮುಖ್ಯ ವಾಲ್ವ್. ಇದನ್ನು ಬಹಳ ಜನ ಮರೆಯುತ್ತಾರೆ. ವಾಷಿಂಗ್ ಮಷೀನಿನ ರಬ್ಬರ್ ಪೈಪ್ ಒಡೆದರೆ ಒಂದು ವಾರ ಮನೆಯೊಳಗೆ ನೀರು ಸುರಿಯುತ್ತದೆ, ಆ ನೀರು ಕೆಳಗಿನ ಮನೆಯ ಸ್ವಿಚ್‌ಬೋರ್ಡಿಗೂ ಇಳಿಯುತ್ತದೆ. ಹಿಮ ಬೀಳುವ ಕಡೆ ಇದು ಇನ್ನೂ ಮುಖ್ಯ. ನೀರು ಗಟ್ಟಿಯಾದಾಗ ಸುಮಾರು 9 ಶೇಕಡಾ ಹಿಗ್ಗಿ ಪೈಪ್ ಸೀಳುತ್ತದೆ. ಅಂಥ ಕಡೆ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪಿನಲ್ಲಿ ಉಳಿದ ನೀರನ್ನು ಹರಿಯಬಿಡಿ. ಮನೆ ಬೆಚ್ಚಗಿಡುವ ವ್ಯವಸ್ಥೆ ಇದ್ದರೆ ಪೂರ್ತಿ ಆರಿಸದೆ ಕಡಿಮೆಯಲ್ಲಿ ಇಟ್ಟು ಹೋಗಿ.

ಆಮೇಲೆ ಪ್ಲಗ್‌ಗಳು. ಟಿವಿ, ಚಾರ್ಜರ್, ಇಸ್ತ್ರಿಪೆಟ್ಟಿಗೆ ಎಲ್ಲಾ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲು ಹೊಡೆದಾಗ ಬರುವ ಏರು ವೋಲ್ಟೇಜ್ ಆರಿಸಿದ ಸ್ವಿಚ್ಚನ್ನೂ ದಾಟಬಹುದು. ಫ್ರಿಜ್ ಮಾತ್ರ ಬಿಡುತ್ತೇನೆ. ಅದಕ್ಕೊಂದು ಉಪಾಯ. ಲೋಟದಲ್ಲಿ ನೀರು ಹಾಕಿ ಫ್ರೀಜರಿನಲ್ಲಿ ಗಟ್ಟಿ ಮಾಡಿ. ಮೇಲೆ ಒಂದು ನಾಣ್ಯ ಇಟ್ಟು ಹೋಗಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಳ್ಳರ ವಿಷಯದಲ್ಲಿ ಬೀಗಕ್ಕಿಂತ ಮುಖ್ಯ ಮನೆ ಖಾಲಿ ಅಂತ ಕಾಣಿಸದಿರುವುದು. ಬಾಗಿಲ ಮುಂದೆ ನಾಲ್ಕು ದಿನದ ಪೇಪರ್ ಬಿದ್ದಿದ್ದರೆ ಬೋರ್ಡ್ ಬರೆದು ಹಾಕಿದ ಹಾಗೆ. ಪೇಪರ್ ನಿಲ್ಲಿಸಿ, ಅಥವಾ ಪಕ್ಕದ ಮನೆಯವರಿಗೆ ತೆಗೆದಿಡಲು ಹೇಳಿ. ಹಗಲೂ ರಾತ್ರಿ ಒಂದೇ ದೀಪ ಉರಿಯುತ್ತಿದ್ದರೂ ಅನುಮಾನವೇ. ಅದರ ಬದಲು ಟೈಮರ್ ಹಾಕಿ. ಮುಂದಿನ ಕೋಣೆಯದು ಸಂಜೆ, ಮಲಗುವ ಕೋಣೆಯದು ರಾತ್ರಿ ಸ್ವಲ್ಪ ಹೊತ್ತು. ಹೂಕುಂಡದ ಕೆಳಗೆ ಕೀ ಇಡುವವರಿಗೆ ಒಂದು ಮಾತು. ನಾನು ಕೆಲಸಕ್ಕೆ ಹೋದ ಮನೆಗಳಲ್ಲಿ ಮನೆಯವರು ಫೋನಿನಲ್ಲಿ ಜಾಗ ಹೇಳುವ ಮುಂಚೆಯೇ ನನಗೆ ಕೀ ಸಿಕ್ಕಿದ್ದುಂಟು.

ಫೋಟೋ ಹಾಕುವ ಚಟ ಇರುವವರು ವಾಪಸ್ ಬಂದ ಮೇಲೆ ಹಾಕಿ. ನನ್ನ ಭಾವನ ಕೈಯಿಂದ ಇದು ಆಗುವುದಿಲ್ಲ. ವಿಮಾನದ ಟಿಕೆಟ್ಟಿನ ಫೋಟೋವನ್ನೇ ಹಾಕುತ್ತಾರೆ. ಹೆಸರು, ತಾರೀಖು, ಬುಕಿಂಗ್ ನಂಬರ್ ಎಲ್ಲಾ ಅದರಲ್ಲೇ ಇರುತ್ತದೆ.

ರಸ್ತೆ

ಚಳಿ ಬಿದ್ದರೆ ಟೈರಿನ ಗಾಳಿ ಕುಗ್ಗುತ್ತದೆ. ಉಷ್ಣತೆ ಐದಾರು ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಕಡಿಮೆಯಾಗುತ್ತದೆ. ಬಿಸಿಲಿನ ಊರಿನಲ್ಲಿ ಸರಿಯಾಗಿ ಇದ್ದದ್ದು ಬೆಟ್ಟದ ಮೇಲೆ ಮೆತ್ತಗಾಗಿರುತ್ತದೆ. ಗಾಡಿ ಓಡಿಸುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಿ. ಬ್ಯಾಟರಿಯೂ ಚಳಿಯಲ್ಲಿ ಸೋಲುತ್ತದೆ. ಹಳೆಯದಾಗಿದ್ದರೆ ಹೊರಡುವ ವಾರ ಮುಂಚೆ ಪರೀಕ್ಷೆ ಮಾಡಿಸಿ.

ಮಂಜಿನಲ್ಲಿ ಹೈ ಬೀಮ್ ಹಾಕಬೇಡಿ. ಬೆಳಕು ಮಂಜಿನ ಹನಿಗೆ ತಾಗಿ ನಿಮ್ಮ ಕಣ್ಣಿಗೇ ಬರುತ್ತದೆ. ಲೋ ಬೀಮ್ ಹಾಕಿ, ಫಾಗ್ ಲೈಟ್ ಇದ್ದರೆ ಅದನ್ನೂ. ರಸ್ತೆಯ ಅಂಚಿನ ಗೆರೆ ಹಿಡಿದು ನಿಧಾನ ಹೋಗಿ. ಮುಂದಿನ ಗಾಡಿಯ ಕೆಂಪು ದೀಪದ ಬೆನ್ನು ಹತ್ತುವುದು ಸುಲಭ ಅನ್ನಿಸುತ್ತದೆ, ಆದರೆ ಅವನು ಗುದ್ದಿದರೆ ನೀವೂ ಗುದ್ದುತ್ತೀರಿ. ಏನೂ ಕಾಣದಿದ್ದರೆ ರಸ್ತೆಯ ಮೇಲೆ ನಿಲ್ಲಿಸಬೇಡಿ, ಪೂರ್ತಿ ಹೊರಗೆ ಇಳಿಸಿ. ನೀರು ಹೆಪ್ಪುಗಟ್ಟುವ ಚಳಿ ಇದ್ದರೆ ಸೇತುವೆಗಳ ಮೇಲೆ ಹುಷಾರು. ಮೇಲೂ ಕೆಳಗೂ ತಣ್ಣನೆಯ ಗಾಳಿ ಇರುವುದರಿಂದ ಅವು ಮಿಕ್ಕ ರಸ್ತೆಗಿಂತ ಮೊದಲೇ ಜಾರುತ್ತವೆ. ಮಂಜುಗಡ್ಡೆಯ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಯ ಹತ್ತು ಪಟ್ಟು ದೂರ ಬೇಕಾಗಬಹುದು.

ಎಲ್ಲಕ್ಕಿಂತ ನನಗೆ ಭಯ ನಿದ್ದೆಯದು. ಹೊರಡುವ ಹಿಂದಿನ ದಿನ ಪೂರ್ತಿ ಕೆಲಸ, ರಾತ್ರಿ ಸಾಮಾನು ಕಟ್ಟುವುದು, ನಸುಕಿನ ಮೂರಕ್ಕೆ ಗಾಡಿ ಏರುವುದು. 17 ಗಂಟೆ ಎಚ್ಚರ ಇದ್ದವರ ಕೈಚಳಕ, ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಎಷ್ಟೋ ದೇಶಗಳಲ್ಲಿ ಅಷ್ಟು ಕುಡಿದು ಓಡಿಸಿದರೆ ಪೊಲೀಸರು ಹಿಡಿಯುತ್ತಾರೆ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಎಲ್ಲಾ ಸುಮ್ನೆ. ಗಾಡಿ ಸುರಕ್ಷಿತ ಜಾಗಕ್ಕೆ ಹಾಕಿ, ಒಂದು ಕಾಫಿ ಕುಡಿದು, ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಏಳುವ ಹೊತ್ತಿಗೆ ಕಾಫಿಯೂ ಕೆಲಸ ಶುರು ಮಾಡಿರುತ್ತದೆ. ಆಮೇಲೂ ಕಣ್ಣು ಎಳೆದರೆ ಬೇರೆಯವರಿಗೆ ಸ್ಟೇರಿಂಗ್ ಕೊಡಿ, ಇಲ್ಲಾಂದ್ರೆ ಅಲ್ಲೇ ಉಳಿಯಿರಿ.

ಮಗುವನ್ನು ಕಾರ್ ಸೀಟಿನಲ್ಲಿ ಕೂರಿಸುವಾಗ ದಪ್ಪ ಜಾಕೆಟ್ ಬಿಚ್ಚಿ. ಜಾಕೆಟ್ ಮೇಲೆ ಬೆಲ್ಟ್ ಬಿಗಿಯಾಗಿ ಕಾಣುತ್ತದೆ. ಗುದ್ದಿದಾಗ ಜಾಕೆಟ್ ಚಪ್ಪಟೆಯಾಗಿ ಬೆಲ್ಟ್ ಸಡಿಲವಾಗುತ್ತದೆ. ತೆಳು ಬಟ್ಟೆಯ ಮೇಲೆ ಬೆಲ್ಟ್ ಹಾಕಿ, ಅದರ ಮೇಲೆ ಹೊದಿಸಿ. ಇಲ್ಲೂ ಕೈಯ ಪರೀಕ್ಷೆ ಇದೆ. ಭುಜದ ಹತ್ತಿರ ಬೆಲ್ಟನ್ನು ಎರಡು ಬೆರಳಿನಿಂದ ಚಿವುಟಿ ಹಿಡಿಯಲು ನೋಡಿ. ಮಡಿಕೆ ಸಿಕ್ಕರೆ ಬೆಲ್ಟ್ ಸಡಿಲ.

ಹಿಮದಲ್ಲಿ ಗಾಡಿ ಸಿಕ್ಕಿಕೊಂಡರೆ ಅದನ್ನು ಬಿಟ್ಟು ನಡೆಯಬೇಡಿ. ಸೈಲೆನ್ಸರ್ ಬಾಯಿಯ ಹಿಮ ತೆಗೆಯಿರಿ, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಗಾಳಿ ಬೀಸದ ಕಡೆಯ ಕಿಟಕಿ ಒಂದು ಬೆರಳಷ್ಟು ತೆರೆದಿರಲಿ. ಸೈಲೆನ್ಸರ್ ಮುಚ್ಚಿಕೊಂಡರೆ ಮತ್ತೆ ಅದೇ ಕಾರ್ಬನ್ ಮಾನಾಕ್ಸೈಡ್.

ಮೈ, ಮಾತ್ರೆ, ಬೇರೆ ಊರಿನ ಕೋಣೆ

ತೀರಾ ಚಳಿಯಲ್ಲಿ ಮೈ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅಪಾಯ. ನಡುಗುವುದು ಶುರುವಿನ ಲಕ್ಷಣ. ಮಾತು ತೊದಲುವುದು, ಗುಂಡಿ ಹಾಕಲು ಬೆರಳು ಬಗ್ಗದಿರುವುದು, ಹೆಜ್ಜೆ ತಪ್ಪುವುದು ಮುಂದಿನದು. ನಡುಗುತ್ತಿದ್ದವರು ನಡುಗುವುದು ನಿಲ್ಲಿಸಿ ಮಂಕಾದರೆ ಸರಿಹೋದರು ಅಂದುಕೊಳ್ಳಬೇಡಿ, ಕೈಮೀರುತ್ತಿದೆ ಅಂತ ಅರ್ಥ. ಒದ್ದೆ ಬಟ್ಟೆ ತೆಗೆಯಿರಿ, ಎದೆ ಹೊಟ್ಟೆ ಕತ್ತಿನ ಭಾಗ ಮೊದಲು ಬೆಚ್ಚಗೆ ಮಾಡಿ, ಸಹಾಯ ಕರೆಯಿರಿ. ಹೆಂಡ ಕೊಡಬೇಡಿ. ಕುಡಿದರೆ ಚರ್ಮದ ರಕ್ತನಾಳ ಅಗಲವಾಗಿ ಬೆಚ್ಚಗೆ ಅನ್ನಿಸುತ್ತದೆ, ಆದರೆ ಒಳಗಿನ ಶಾಖ ಹೊರಗೆ ಸೋರುತ್ತದೆ. ಹಿಮ ಕಚ್ಚಿ ಬೆರಳು ಬಿಳಿಚಿ ಮರಗಟ್ಟಿದ್ದರೆ ಉಜ್ಜಬೇಡಿ. ಮೈ ಬಿಸಿಯಷ್ಟೇ ಇರುವ, ಅಂದರೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿಡಿ. ನೀರಿನ ಬಿಸಿಯನ್ನು ಮರಗಟ್ಟಿದ ಕೈ ಹೇಳುವುದಿಲ್ಲ, ಇನ್ನೊಬ್ಬರು ಮೊಣಕೈ ಅದ್ದಿ ನೋಡಲಿ. ಮತ್ತೆ ಚಳಿಗೆ ಹೋಗಲೇಬೇಕು ಅನ್ನುವ ಸ್ಥಿತಿ ಇದ್ದರೆ ಆಸ್ಪತ್ರೆ ಸೇರುವ ತನಕ ಕರಗಿಸಬೇಡಿ.

ಎದೆನೋವು ಬಂದರೆ ರಜೆ ಮುಗಿಯಲಿ ಅಂತ ಕಾಯಬೇಡಿ. ಚಳಿಯಲ್ಲಿ ರಕ್ತನಾಳ ಕಿರಿದಾಗುತ್ತದೆ, ಬಿಪಿ ಏರುತ್ತದೆ. ಜೊತೆಗೆ ಗಡದ್ದಾಗಿ ತಿಂದಿರುತ್ತೀರಿ, ನಿದ್ದೆಗೆಟ್ಟಿರುತ್ತೀರಿ. ನೆಂಟರ ಮುಂದೆ ಯಾಕೆ ಗಲಾಟೆ ಅಂತ ಸುಮ್ಮನಿರುವ ಹಿರಿಯರನ್ನು ನೀವೇ ಗಮನಿಸಿ. ಮಾತ್ರೆಗಳನ್ನು ಕೈಚೀಲದಲ್ಲಿ ಇಡಿ, ಬೇಕಾದ್ದಕ್ಕಿಂತ ನಾಲ್ಕೈದು ದಿನದ್ದು ಜಾಸ್ತಿ ಇರಲಿ, ಡಾಕ್ಟರ ಚೀಟಿಯ ಫೋಟೋ ಫೋನಿನಲ್ಲಿ ಇರಲಿ. ಹೋಗುವ ದೇಶದ ತುರ್ತು ಸಂಖ್ಯೆ ಬರೆದಿಟ್ಟುಕೊಳ್ಳಿ. 112 ಅಂತ ಒತ್ತಿದರೆ ಬಹಳ ದೇಶಗಳಲ್ಲಿ ಮೊಬೈಲಿನಿಂದ ಕರೆ ಹೋಗುತ್ತದೆ. ವಿಮಾನದಲ್ಲಿ ಹೋಗುವುದಾದರೆ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ (ಅದರಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಅಳತೆ) ಮೀರಿದ್ದಕ್ಕೆ ವಿಮಾನ ಕಂಪನಿಯ ಅನುಮತಿ ಬೇಕು.

ಹೊಸ ಕೋಣೆಗೆ ಕಾಲಿಟ್ಟ ಕೂಡಲೇ ಹಾಸಿಗೆಗೆ ಬೀಳುವ ಮುಂಚೆ ನಾನು ಹೊರಗೆ ಹೋಗಿ ಮೆಟ್ಟಿಲು ಹುಡುಕುತ್ತೇನೆ. ನಮ್ಮ ಬಾಗಿಲಿನಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ಅಂತ ಗೋಡೆ ಮುಟ್ಟುತ್ತಾ ಎಣಿಸುತ್ತೇನೆ. ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ, ಆ ಎಣಿಕೆ ಒಂದೇ ಇರುತ್ತದೆ. ಕೀ ಮತ್ತು ಚಪ್ಪಲಿ ಹಾಸಿಗೆ ಪಕ್ಕ. ಬೆಂಕಿ ಅಂದರೆ ಬಾಗಿಲು ತೆರೆಯುವ ಮುಂಚೆ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ ತೆರೆಯಬೇಡಿ, ಸಂದಿಗೆ ಒದ್ದೆ ಟವೆಲ್ ತುರುಕಿ, ಕಿಟಕಿಯಿಂದ ಕೂಗಿ, ಫೋನ್ ಮಾಡಿ. ಲಿಫ್ಟ್ ಬೇಡ. ಬಚ್ಚಲಿನಲ್ಲಿ ಗೀಸರ್ ಗ್ಯಾಸಿನದೋ ಕರೆಂಟಿನದೋ ನೋಡಿ. ಆಮೇಲೆ ನನ್ನ ಅಂಗೈಯಷ್ಟು ಅಲಾರಂ ಮಂಚದ ಪಕ್ಕ ಕೂರುತ್ತದೆ.

ವಾಪಸ್ ಬಂದಾಗ

ಬಾಗಿಲು ತೆರೆದ ಕೂಡಲೇ ಸ್ವಿಚ್ಚಿಗೆ ಕೈ ಹೋಗುತ್ತದೆ. ಒಂದು ಕ್ಷಣ ತಡೆಯಿರಿ, ಮೊದಲು ಮೂಸಿ ನೋಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ಆರಿಸಲೂಬೇಡಿ. ಎರಡರಲ್ಲೂ ಕಿಡಿ ಹುಟ್ಟುತ್ತದೆ. ಕಾಲಿಂಗ್ ಬೆಲ್ ಕೂಡ ಬೇಡ. ಬಾಗಿಲು ಹಾರು ಹೊಡೆದು ಹೊರಗೆ ಬನ್ನಿ, ದೂರ ಹೋಗಿ ಫೋನ್ ಮಾಡಿ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡಿಕೊಂಡಿರುತ್ತದೆ. ಮೇಲಿನ ಕಿಟಕಿ ಒಂದು ತೆರೆದರೆ ಹೋಗುವುದಿಲ್ಲ.

ಬಾಗಿಲ ಚಿಲಕ ಮುರಿದಿದ್ದರೆ, ಕಿಟಕಿ ಒಡೆದಿದ್ದರೆ ಒಳಗೆ ಹೋಗಬೇಡಿ. ಅವರು ಇನ್ನೂ ಒಳಗಿರಬಹುದು. ಹೊರಗೆ ನಿಂತು ಪೊಲೀಸರಿಗೆ ಫೋನ್ ಮಾಡಿ.

ಎಲ್ಲಾ ಸರಿ ಇದ್ದರೆ ನೀರಿನ ವಾಲ್ವ್ ತೆರೆದು ನಲ್ಲಿಗಳನ್ನು ಸ್ವಲ್ಪ ಹೊತ್ತು ಹರಿಯಲು ಬಿಡಿ. ಗೀಸರಿನಲ್ಲಿ ನೀರು ತುಂಬಿದ್ದು ಖಾತ್ರಿಯಾದ ಮೇಲೆ ಸ್ವಿಚ್ ಹಾಕಿ, ಖಾಲಿ ಗೀಸರ್ ಸುಟ್ಟುಹೋಗುತ್ತದೆ.

ಈಗ ಫ್ರೀಜರ್ ತೆರೆದು ಲೋಟ ನೋಡಿ. ನಾಣ್ಯ ಮೇಲೇ ಇದ್ದರೆ ಒಳಗಿನದು ಕರಗಿಲ್ಲ. ನಾಣ್ಯ ತಳ ಸೇರಿ ಅದರ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ, ನೀವು ಇಲ್ಲದಾಗ ಕರೆಂಟ್ ಗಂಟೆಗಟ್ಟಲೆ ಹೋಗಿ, ಎಲ್ಲಾ ಕರಗಿ, ಮತ್ತೆ ಗಟ್ಟಿಯಾಗಿದೆ. ನೋಡಲು ಚೆನ್ನಾಗೇ ಇರುತ್ತದೆ, ಮುಟ್ಟಿದರೂ ಗಟ್ಟಿಯಾಗೇ ಇರುತ್ತದೆ. ಕೈಯನ್ನು ನಂಬದೆ ಎಲ್ಲವನ್ನೂ ಎಸೆಯಿರಿ.